10 ಎಂಬಿಪಿಎಸ್ ಮಿತಿ ಹಾಕಿದರೆ 3 ಎಂಬಿಪಿಎಸ್ ಬರುವುದೇಕೆ? ಸ್ವಿಚ್ ಪೋರ್ಟಿನ ವೇಗ ಕಟ್ಟುವ ಕ್ರಮ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ ಇದೆ ಎಂದುಕೊಳ್ಳಿ. 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ಇಂಟರ್‌ನೆಟ್ ಲೈನ್. ಡಿಸೈನ್ ವಿಭಾಗದ ಒಂದು ಕಂಪ್ಯೂಟರ್ ಗಿರಾಕಿಗೆ ಡ್ರಾಯಿಂಗ್ ಕಳಿಸತೊಡಗಿದರೆ ಸಾಕು, ಬಿಲ್ಲಿಂಗ್ ಮೇಜಿನ ಮೇಲೆ ಇ-ವೇ ಬಿಲ್ ಪುಟ ಸುತ್ತುತ್ತಲೇ ಇರುತ್ತದೆ. ದೊಡ್ಡ ಲೈನಿಗೆ ದುಡ್ಡು ಸುರಿಯುವ ಮೊದಲು ಆ ಕಂಪ್ಯೂಟರಿನ ಕೇಬಲ್ ಸೇರುವ ಸ್ವಿಚ್ಚಿನ ಪೋರ್ಟಿಗೆ 10 ಎಂಬಿಪಿಎಸ್ ಮಿತಿ ಹಾಕಿ ನೋಡಿ. ಇಲ್ಲಿ ಉದಾಹರಣೆಗೆ ಸಿಸ್ಕೊ ಕ್ಯಾಟಲಿಸ್ಟ್ 2960 ಸ್ವಿಚ್ ಇಟ್ಟುಕೊಂಡಿದ್ದೇವೆ.

ಮೊದಲು ಸ್ವಿಚ್ಚಿಗೆ ‘ಶೋ ವರ್ಷನ್’ ಕಮಾಂಡ್ ಕೊಟ್ಟು ಸಾಫ್ಟ್‌ವೇರ್ ಯಾವುದೆಂದು ನೋಡಿ. ಲ್ಯಾನ್ ಬೇಸ್ ಇರಬೇಕು. ಲ್ಯಾನ್ ಲೈಟ್ ಇದ್ದರೆ ಈ ಕೆಲಸ ಆಗುವುದಿಲ್ಲ, ಹೊತ್ತು ಕಳೆಯಬೇಡಿ.

ಇನ್ನು ದಿಕ್ಕು. ಅರ್ಧ ಜನ ಎಡವುವುದು ಇಲ್ಲೇ. ಕಂಪ್ಯೂಟರ್ ಮುಂದೆ ಕುಳಿತು ಯೋಚಿಸಬೇಡಿ, ಸ್ವಿಚ್ಚಿನೊಳಗೆ ಕುಳಿತು ಯೋಚಿಸಿ. ಪೋರ್ಟಿನಿಂದ ಸ್ವಿಚ್ಚಿನ ಒಳಗೆ ಬರುವುದು ಇನ್‌ಪುಟ್, ಅಂದರೆ ಆ ಕಂಪ್ಯೂಟರಿನ ಅಪ್‌ಲೋಡ್. ಡೌನ್‌ಲೋಡ್ ಅದಕ್ಕೆ ಔಟ್‌ಪುಟ್. ಎರಡಕ್ಕೂ ಬೇರೆ ಬೇರೆ ದಾರಿ.

ಅಪ್‌ಲೋಡಿಗೆ: ಕಾನ್ಫಿಗರೇಷನ್ ಮೋಡ್‌ಗೆ ಹೋಗಿ ‘ಎಂಎಲ್ಎಸ್ ಕ್ಯೂಒಎಸ್’ ಎಂದು ಕೊಡಿ, ಸ್ವಿಚ್ಚಿನ ಆದ್ಯತೆ-ಮಿತಿಗಳ ವ್ಯವಸ್ಥೆ ಚಾಲೂ ಆಗುವುದು ಇದರಿಂದಲೇ. ಇದಿಲ್ಲದೆ ಮುಂದಿನದೆಲ್ಲ ಸುಮ್ಮನೆ ಬರೆದಿಟ್ಟಂತೆ. ನಂತರ ‘ಪರ್ಮಿಟ್ ಐಪಿ ಎನಿ ಎನಿ’ ಇರುವ ಒಂದು ಆಕ್ಸೆಸ್ ಲಿಸ್ಟ್, ಅದನ್ನು ಹಿಡಿಯುವ ಕ್ಲಾಸ್ ಮ್ಯಾಪ್, ಆ ಕ್ಲಾಸನ್ನು ಸೇರಿಸಿಕೊಂಡ ಪಾಲಿಸಿ ಮ್ಯಾಪ್ ಮಾಡಿ. ಪಾಲಿಸಿಯೊಳಗೆ ಮುಖ್ಯ ಸಾಲು ಇದು: ‘ಪೊಲೀಸ್ 10000000 64000 ಎಕ್ಸೀಡ್-ಆಕ್ಷನ್ ಡ್ರಾಪ್’. ಕೊನೆಗೆ ಪೋರ್ಟಿನಲ್ಲಿ ‘ಸರ್ವಿಸ್-ಪಾಲಿಸಿ ಇನ್‌ಪುಟ್’ ಬರೆದು ಪಾಲಿಸಿಯ ಹೆಸರು ಕೊಡಿ.

ಆ ಸಾಲಿನ ಮೊದಲ ಅಂಕಿ ಬಿಟ್‌ಗಳಲ್ಲಿ, ಎರಡನೆಯದು ಬೈಟ್‌ಗಳಲ್ಲಿ. ಒಂದೇ ಸಾಲಿನಲ್ಲಿ ಎರಡು ಅಳತೆ ಇಟ್ಟವರ ಬುದ್ಧಿಗೆ ಏನೆನ್ನಬೇಕೋ! ಎರಡನೆಯದೇ ಬರ್ಸ್ಟ್, ಅಂದರೆ ಒಮ್ಮೆಗೇ ನುಗ್ಗಿ ಬಂದರೂ ಬಿಡುವ ಪ್ರಮಾಣ; ತಕರಾರಿನ ಮೂಲವೂ ಅದೇ. ಮಿತಿ ಮೀರಿದ ಪ್ಯಾಕೆಟ್‌ಗಳನ್ನು ತಡೆದಿಟ್ಟುಕೊಂಡು ಆಮೇಲೆ ಬಿಡೋಣವೆಂದರೆ ಈ ಸ್ವಿಚ್ಚು ಆಲಮಟ್ಟಿಯಲ್ಲ. ಪೊಲೀಸ್ ಸಾಲಿಗೆ ಸಿಕ್ಕ ಹೆಚ್ಚುವರಿ ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ಬರ್ಸ್ಟಿನ ಕನಿಷ್ಠ ಪ್ರಮಾಣ 8000 ಬೈಟ್. ಅದರಲ್ಲಿ ಹಿಡಿಯುವುದು ಪೂರ್ಣ ಗಾತ್ರದ ಐದೇ ಫ್ರೇಮ್ (ಕೇಬಲಿನಲ್ಲಿ ಪ್ಯಾಕೆಟ್ಟನ್ನು ಹೊತ್ತು ಸಾಗುವ ಕಟ್ಟು). ಕಂಪ್ಯೂಟರ್ ಒಮ್ಮೆಗೇ ಇಪ್ಪತ್ತು ಮೂವತ್ತು ಫ್ರೇಮ್ ತಳ್ಳಿದಾಗ ಉಳಿದವು ಬೀಳುತ್ತವೆ. ಪ್ಯಾಕೆಟ್ ಬಿದ್ದದ್ದು ಗೊತ್ತಾದ ಕೂಡಲೇ ಟಿಸಿಪಿ (ಬಿದ್ದದ್ದನ್ನು ಮತ್ತೆ ಕಳಿಸುವ ಸಾಗಣೆ ಕ್ರಮ) ತನ್ನ ವೇಗ ಇಳಿಸುತ್ತದೆ, ಮತ್ತೆ ಏರುವಷ್ಟರಲ್ಲಿ ಮತ್ತೆ ಬೀಳುತ್ತದೆ. 10ರ ಬದಲು 3 ಎಂಬಿಪಿಎಸ್ ಕಂಡರೂ ಅಚ್ಚರಿಯಿಲ್ಲ.

ಬರ್ಸ್ಟ್ ಎಷ್ಟು ಬೇಕೆಂಬ ಲೆಕ್ಕ ಸುಲಭ: ವೇಗವನ್ನು ಹೋಗಿಬರುವ ಸಮಯದಿಂದ ಗುಣಿಸಿ 8ರಿಂದ ಭಾಗಿಸಿ. ಪಿಂಗ್ 50 ಮಿಲಿಸೆಕೆಂಡ್ ತೋರಿಸಿದರೆ 62,500 ಬೈಟ್. ಅದಕ್ಕೇ ಮೇಲೆ 64000 ಹಾಕಿದ್ದು. ಹಾಗಂತ ಗರಿಷ್ಠ 1000000 ಕೊಟ್ಟರೆ ಸಣ್ಣ ಫೈಲುಗಳು ಮಿತಿಯ ಕಣ್ಣಿಗೇ ಬೀಳದೆ ಪೂರ್ತಿ ವೇಗದಲ್ಲಿ ದಾಟಿಹೋಗುತ್ತವೆ.

ಡೌನ್‌ಲೋಡಿಗೆ: 2960ರಲ್ಲಿ ಔಟ್‌ಪುಟ್ ಪಾಲಿಸಿ ಇಲ್ಲ. ಪೋರ್ಟಿನಲ್ಲಿ ‘ಎಸ್ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್’ ಕೊಡಬೇಕು. ಇದು 10ರಿಂದ 90ರವರೆಗಿನ ಶೇಕಡಾವಾರು. ಗಿಗಾಬಿಟ್ ಪೋರ್ಟಿನಲ್ಲಿ 10 ಕೊಟ್ಟರೂ 100 ಎಂಬಿಪಿಎಸ್ ಆಯಿತು, ಏನೂ ಉಪಯೋಗವಿಲ್ಲ. ಹಾಗಾಗಿ ಮೊದಲು ‘ಸ್ಪೀಡ್ ಆಟೊ 100’ ಮಾಡಿ, ಆಮೇಲೆ ಲಿಮಿಟ್ 10 ಹಾಕಿ. ‘ಆಟೊ’ ಬಿಟ್ಟು ಬರೀ 100 ಎಂದು ಗಟ್ಟಿ ಮಾಡಿದರೆ ಒಂದು ತುದಿ ಹಾಫ್ ಡ್ಯೂಪ್ಲೆಕ್ಸಿಗೆ (ಒಮ್ಮೆಗೆ ಒಂದೇ ದಿಕ್ಕಿನ ಸಂಚಾರ) ಬಿದ್ದು ಹೊಸ ತಲೆನೋವು ಶುರುವಾಗಬಹುದು. ಮಿತಿ ಕರಾರುವಾಕ್ಕಾಗಿ 10 ನಿಲ್ಲುವುದಿಲ್ಲ, ಅಲ್ಪಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

ಒಂದು ಎಚ್ಚರಿಕೆ: ‘ಎಂಎಲ್ಎಸ್ ಕ್ಯೂಒಎಸ್’ ಚಾಲೂ ಆದೊಡನೆ ಸ್ವಿಚ್ಚು ಯಾವ ಪೋರ್ಟನ್ನೂ ನಂಬುವುದಿಲ್ಲ. ಐಪಿ ಫೋನಿನ ಆದ್ಯತೆಯ ಗುರುತು ಸೊನ್ನೆಯಾಗಿ, ನಿನ್ನೆವರೆಗೆ ಚೆನ್ನಾಗಿದ್ದ ಮಾತು ತುಂಡುತುಂಡಾಗಿ ಕೇಳಬಹುದು. ಫೋನಿರುವ ಪೋರ್ಟುಗಳಲ್ಲಿಯೂ ಅಪ್‌ಲಿಂಕಿನಲ್ಲಿಯೂ ‘ಎಂಎಲ್ಎಸ್ ಕ್ಯೂಒಎಸ್ ಟ್ರಸ್ಟ್ ಡಿಎಸ್‌ಸಿಪಿ’ ಹಾಕಿ. ಈ ಮಿತಿ ಒಳಗಿನ ಫೈಲ್ ಸರ್ವರಿಗೆ ಹೋಗುವ ಕಾಪಿಗೂ ತಗಲುತ್ತದೆ. ಇಂಟರ್‌ನೆಟ್ಟಿಗಷ್ಟೇ ಮಿತಿ ಬೇಕೆಂದರೆ ಅದನ್ನು ರೌಟರಿನಲ್ಲೇ ಹಾಕುವುದು ಒಳ್ಳೆಯದು.

ಪರೀಕ್ಷೆಗೆ ವೇಗ ಅಳೆಯುವ ಐಪರ್ಫ್3 ಸಾಫ್ಟ್‌ವೇರ್ ಸಾಕು. ಟಿಸಿಪಿಯಲ್ಲಿ 9ರ ಆಸುಪಾಸು ಬಂದರೆ ಸರಿ. ಬಿದ್ದರೂ ಲೆಕ್ಕಿಸದೆ ಕಳಿಸುತ್ತ ಹೋಗುವ ಯುಡಿಪಿಯಲ್ಲಿ ವೇಗ ಹೇಳದೆ ಓಡಿಸಿದರೆ ಅದು ಕಳಿಸುವುದೇ 1 ಎಂಬಿಪಿಎಸ್, ‘ಮಿತಿ ಕೆಲಸ ಮಾಡುತ್ತಿದೆ’ ಎಂದು ಮೋಸಹೋಗಬೇಡಿ. 20 ಎಂಬಿಪಿಎಸ್ ಕೊಟ್ಟು ಸುಮಾರು ಅರ್ಧ ಬೀಳುತ್ತದೆಯೇ ನೋಡಿ. ಫೈಲ್ ಕಾಪಿಯಲ್ಲಿ ಸೆಕೆಂಡಿಗೆ 1.25 ಮೆಗಾಬೈಟ್ ಮೀರದಿದ್ದರೆ ಗಾಬರಿ ಬೇಡ, ಅದೇ 10 ಎಂಬಿಪಿಎಸ್. ‘ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್’ ತೋರಿಸುವ ಲೆಕ್ಕವನ್ನು 2960ರಲ್ಲಿ ನಂಬಬಾರದು. ‘ಶೋ ಎಂಎಲ್ಎಸ್ ಕ್ಯೂಒಎಸ್ ಇಂಟರ್‌ಫೇಸ್ ಸ್ಟಾಟಿಸ್ಟಿಕ್ಸ್’ ನೋಡಿ.

ಎಲ್ಲ ಸರಿ ಕಂಡಮೇಲೆ ‘ರೈಟ್ ಮೆಮೊರಿ’ ಕೊಟ್ಟೇ ಏಳಿ. ಇಲ್ಲದಿದ್ದರೆ ಯುಪಿಎಸ್ ಕೈಕೊಟ್ಟ ಮಧ್ಯಾಹ್ನ ಕರೆಂಟ್ ಹೋಗಿ ಬರುವಷ್ಟರಲ್ಲಿ ಸ್ವಿಚ್ಚು ಹಳೆಯ ಕಾನ್ಫಿಗರೇಷನ್ನಿನಲ್ಲೇ ಎದ್ದು ಕುಳಿತಿರುತ್ತದೆ.