ಪಿಜಿಸಿಇ ಪ್ರೈಮರಿ ಇಂಟರ್‌ವ್ಯೂ: ಕನ್ನಡದಲ್ಲಿ ತಯಾರಾಗಿ ಸೀಟು ಪಡೆದ ನನ್ನ ಅನುಭವ

ಇಂಗ್ಲೆಂಡಿನಲ್ಲಿ ಪ್ರೈಮರಿ ಟೀಚರ್ ಆಗಲು ಹೊರಟ ನಮ್ಮವರು, ಪಿಜಿಸಿಇ ಅಂದರೆ ಡಿಗ್ರಿ ಆದ ಮೇಲಿನ ಟೀಚರ್ ತರಬೇತಿಯ ಇಂಟರ್‌ವ್ಯೂಗೆ ಹೇಗೆ ತಯಾರಾದೆ ಅಂತ ಆಗಾಗ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ಯೂನಿವರ್ಸಿಟಿಯವರು ಬೇಡ ಅಂದರು. ಮೂರನೆಯವರು ನಾಲ್ಕೇ ದಿನಕ್ಕೆ ಆಫರ್ ಕಳಿಸಿದರು. ಅಪ್ಲಿಕೇಶನ್, ಡಿಬಿಎಸ್ (ಅಪರಾಧ ದಾಖಲೆ ತಪಾಸಣೆ), ರೆಫರೆನ್ಸ್ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಮೊದಲು ದುಡ್ಡು. ನಮ್ಮ ಓದು ಇಲ್ಲಿನ ಯಾವುದಕ್ಕೆ ಸಮ ಅಂತ ಹೇಳುವ ಎನಿಕ್ ಪತ್ರಕ್ಕೆ ನಾನು ಕೊಟ್ಟದ್ದು ಸುಮಾರು 60 ಪೌಂಡ್. ನನ್ನದು ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ. ಗಣಿತ, ವಿಜ್ಞಾನ ಒಪ್ಪಿದರು, ಇಂಗ್ಲಿಷಿಗೆ ಮಾತ್ರ ಇಲ್ಲಿನ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇಗೆ ಸಮನಾದ ಪರೀಕ್ಷೆ ಬರೆಸಿದರು. ಅದಕ್ಕೆ 150ರಷ್ಟು ಹೋಯಿತು. ಇವೆರಡೂ ಕೆಲಸಕ್ಕೆ ಬಂದ ಖರ್ಚು. ಸುಮ್ನೆ ಹೋಗಿದ್ದು ಕೋಚಿಂಗಿನ 200 ಪೌಂಡ್. ಟಿಎ (ಕ್ಲಾಸಿನಲ್ಲಿ ಟೀಚರ್‌ಗೆ ನೆರವಾಗುವ ಅಸಿಸ್ಟೆಂಟ್) ಸಂಬಳದಲ್ಲಿ ಅಷ್ಟು ಉಳಿಸೋದು ಎಷ್ಟು ಕಷ್ಟ, ನಿಮಗೇ ಗೊತ್ತು. ಕೋಚಿಂಗಿನವರು 40 ಪ್ರಶ್ನೆಗೆ ಸಿದ್ಧ ಉತ್ತರ ಕೊಟ್ಟರು, ನಾನು ಬಾಯಿಪಾಠ ಹೊಡೆದೆ.

ಮೊದಲ ಇಂಟರ್‌ವ್ಯೂನಲ್ಲಿ ಕೇಳಿದ್ದು ಇದು: ಮಗು ಬಂದು ‘ಮಿಸ್, ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಹೇಳಬೇಡಿ’ ಅಂದರೆ ಏನು ಮಾಡ್ತೀರಿ? ನಾನು ‘ಹೇಳಲ್ಲ ಅಂತ ಧೈರ್ಯ ತುಂಬಿ ಕೇಳ್ತೀನಿ’ ಅಂದುಬಿಟ್ಟೆ. ಅಲ್ಲಿಗೆ ಮುಗಿಯಿತು. ಆ ಮಾತು ಕೊಡಲೇಬಾರದು. ಕೇಳಿಸಿಕೊಳ್ಳಬೇಕು, ಕೆದಕಬಾರದು, ಮಗುವಿನ ಮಾತಿನಲ್ಲೇ ಬರೆದು ತಕ್ಷಣ ಶಾಲೆಯಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಡಿಎಸ್‌ಎಲ್‌ಗೆ ಮುಟ್ಟಿಸಬೇಕು. ಟಿಎ ಕೆಲಸಕ್ಕೆ ಸೇರುವಾಗ ಇದನ್ನೆಲ್ಲ ಓದಿ ಸಹಿ ಹಾಕಿದವಳು ನಾನು. ಬಾಯಿಪಾಠದ ಗಡಿಬಿಡಿಯಲ್ಲಿ ತಲೆಗೇ ಬರಲಿಲ್ಲ.

ಅವತ್ತೇ ಆ ಉತ್ತರದ ಹಾಳೆಗಳನ್ನು ಬಿಸಾಡಿ ಒಂದು ನೋಟ್‌ಬುಕ್ ಹಿಡಿದೆ. ದಿನಾ ಸ್ಕೂಲ್ ಬಿಟ್ಟ ಮೇಲೆ ಬಸ್ಸಿನಲ್ಲಿ ಕೂತು ಒಂದು ಘಟನೆ ಬರೆಯೋದು. ಮಗುವಿನ ಹೆಸರು ಇಲ್ಲ. ಏನಾಯಿತು, ಟೀಚರ್ ಏನು ಮಾಡಿದರು, ನಾನಾಗಿದ್ದರೆ ಏನು ಮಾಡುತ್ತಿದ್ದೆ, ಅಷ್ಟೇ. ಅದೂ ಕನ್ನಡದಲ್ಲಿ. ‘ಇಂಗ್ಲಿಷ್ ಇಂಟರ್‌ವ್ಯೂಗೆ ಕನ್ನಡದಲ್ಲಿ ತಯಾರಿಯಾ?’ ಅಂತ ನಮ್ಮ ಮನೆಯವರೂ ಕೇಳಿದರು, ಗೆಳತಿಯರೂ ಕೇಳಿದರು. ಆದರೆ ಇಂಗ್ಲಿಷಿನಲ್ಲಿ ಬರೆದರೆ ಮತ್ತೆ ಅದೇ ಬಾಯಿಪಾಠ ಆಗುತ್ತೆ, ಅಲ್ವಾ? ರಾತ್ರಿ ಪಾತ್ರೆ ತೊಳೆಯುತ್ತಾ ಅದನ್ನೇ ಇಂಗ್ಲಿಷಿನಲ್ಲಿ ಜೋರಾಗಿ, 2 ನಿಮಿಷದೊಳಗೆ, ದಿನಕ್ಕೊಂದು ಥರ ಹೇಳುತ್ತಿದ್ದೆ. ಮೂರು ತಿಂಗಳಲ್ಲಿ 50 ಚಿಲ್ಲರೆ ಘಟನೆ ಸೇರಿದವು.

ಒಂದು ಹೇಳುತ್ತೇನೆ. ಒಬ್ಬ ಹುಡುಗ ಪುಸ್ತಕದಲ್ಲಿ ಬರೆಯಲು ಸುತಾರಾಂ ಒಪ್ಪುತ್ತಿರಲಿಲ್ಲ. ಟೀಚರ್ ಬೈಯಲಿಲ್ಲ, ಪುಟ್ಟ ವೈಟ್‌ಬೋರ್ಡ್ ಕೊಟ್ಟರು. ತಪ್ಪಾದರೆ ಒರೆಸಬಹುದಲ್ಲ, ಬರೆದ! ಮೂರನೇ ಇಂಟರ್‌ವ್ಯೂನಲ್ಲಿ ಇದನ್ನು ಹೇಳಿದಾಗ ಅವರು ಅದರ ಮೇಲೇ ನಾಲ್ಕು ಪ್ರಶ್ನೆ ಹಾಕಿದರು. ಕಣ್ಣಾರೆ ಕಂಡದ್ದು, ಎಲ್ಲೂ ತಡವರಿಸಲಿಲ್ಲ.

ಅಂದಹಾಗೆ, ಎರಡನೇ ಕಡೆ ಸೋತದ್ದು ಅಕ್ಷರಗಳ ಸದ್ದು ಕೂಡಿಸಿ ಓದಲು ಕಲಿಸುವ ಫೋನಿಕ್ಸ್‌ನಲ್ಲಿ. ‘ಮ್ಯಾಟ್’ ಬಿಡಿಸಿ ಹೇಳಿ ಅಂದರು, ನಾನು ‘ಮ, ಆ್ಯ, ಟ’ ಅಂದೆ. ಅದು ‘ಮ್, ಆ್ಯ, ಟ್’ ಆಗಬೇಕು. ಮನೆಗೆ ಬಂದಾಗ ಹೊಳೆಯಿತು, ಇದು ನಮ್ಮ ಅರ್ಧಾಕ್ಷರವೇ! ‘ಮ್’ಗೆ ‘ಅ’ ಸೇರಿದರೆ ‘ಮ’ ಅಂತ ಚಿಕ್ಕಂದಿನಲ್ಲೇ ಕಲಿತವರು ನಾವು. ಪಕ್ಕದ ಮನೆಯ ಐದು ವರ್ಷದ ಹುಡುಗಿಯ ಜೊತೆ ಒಂದು ವಾರ ಆಡಿ ನೋಡಿದೆ. ಇಯರ್ 1 (5-6 ವರ್ಷದವರ ಕ್ಲಾಸ್) ಫೋನಿಕ್ಸ್ ಚೆಕ್‌ನ 40 ಪದಗಳಲ್ಲಿ 20 ಅರ್ಥವಿಲ್ಲದವು. ಅಂಥವನ್ನು ನಾನೇ ಕಟ್ಟಿ ಕೊಟ್ಟೆ, ಅವಳು ಸಲೀಸಾಗಿ ಓದಿದಳು.

ಇಂಟರ್‌ವ್ಯೂನಲ್ಲಿ ಮಾಡಿ ತೋರಿಸಬೇಕಾದ 10 ನಿಮಿಷದ ಪಾಠಕ್ಕೆ ಮೊದಲ ಸಲ ಪ್ರಿಂಟು, ಲ್ಯಾಮಿನೇಶನ್ ಅಂತ 30 ಪೌಂಡ್ ಸುರಿದಿದ್ದೆ, ಅರ್ಧ ಪಾಠಕ್ಕೇ ಟೈಮ್ ಮುಗಿದಿತ್ತು. ಕೊನೆಯ ಸಲ ತಗೊಂಡು ಹೋಗಿದ್ದು ಒಂದು ಕಪ್ಪು ಹಾಳೆ, ಒಂದು ಸೀಮೆಸುಣ್ಣ. ರಂಗೋಲಿ ಚುಕ್ಕಿ ಇಟ್ಟೆ, 3 ಸಾಲು, ಸಾಲಿಗೆ 5. ಹಾಳೆ ತಿರುಗಿಸಿದರೆ 5 ಸಾಲು, ಸಾಲಿಗೆ 3. ಅದೇ 15. ಇಯರ್ 2 ಗುಣಾಕಾರಕ್ಕೆ ಅಷ್ಟು ಸಾಕು. ಎರಡು ನಿಮಿಷ ಉಳಿಯಿತು ಕೂಡ. ತಿರುಗಿಸುವ ಮುಂಚೆ ಏನು ಕೇಳಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಜನವರಿಯಲ್ಲಿ ನನ್ನ ನಾದಿನಿಯ ಇಂಟರ್‌ವ್ಯೂ ಇದೆ.