ಹತ್ತು ಪಟ್ಟಿನ ಲೆಕ್ಕ ಸರಿಯಿತ್ತು, ಡಬಲ್ ಬಾಸ್ ಮಾತ್ರ ಇರಲಿಲ್ಲ

ನನ್ನ ಟ್ಯೂಬ್ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವ್) ಪ್ರೀಆಂಪ್, ಅಂದರೆ ಹಾಡಿನ ಸಿಗ್ನಲ್ ಅನ್ನು ಮೊದಲು ಹಿಗ್ಗಿಸಿ ವಾಲ್ಯೂಮ್ ಹೊಂದಿಸುವ ಪೆಟ್ಟಿಗೆ, ಹಲವು ವರ್ಷ ಒಂದು ಟ್ಯೂಬ್ ಪವರ್ ಆಂಪ್, ಅಂದರೆ ಸ್ಪೀಕರ್ ನುಡಿಸುವ ಪೆಟ್ಟಿಗೆಯ ಜೊತೆ ತಕರಾರಿಲ್ಲದೆ ಸಂಸಾರ ಮಾಡಿಕೊಂಡಿತ್ತು. ಆಮೇಲೆ ನನಗೆ ದೊಡ್ಡ ಆಸೆ ಹುಟ್ಟಿತು. ಎತ್ತಲು ಇಬ್ಬರು ಬೇಕಾಗುವಷ್ಟು ಭಾರದ, ಎರಡೂ ಬದಿಗೆ ಹೀಟ್‌ಸಿಂಕ್ ಹೊತ್ತ ಟ್ರಾನ್ಸಿಸ್ಟರ್ ಪವರ್ ಆಂಪ್ ಒಂದನ್ನು ತಂದೆ. ಜೋಡಿಸಿ ಮೊದಲ ಹಾಡು ಹಾಕಿದಾಗ ಧ್ವನಿ ಸ್ಪಷ್ಟವಾಗಿತ್ತು, ಆದರೆ ಮೈಯಲ್ಲಿ ರಕ್ತವಿಲ್ಲದಂತಿತ್ತು. ಡಬಲ್ ಬಾಸ್‌ನ (ಆಳೆತ್ತರದ ಪಿಟೀಲಿನಂಥ, ತಗ್ಗು ದನಿಯ ವಾದ್ಯ) ತಂತಿಯ ಮೇಲೆ ಬೆರಳು ಬೀಳುವುದು ಕೇಳುತ್ತಿತ್ತು. ಅದರ ಹಿಂದೆ ಬರಬೇಕಾದ ಮರದ ಹೊಟ್ಟೆಯ ಸದ್ದು ಇರಲಿಲ್ಲ.

ಇಂಥ ಹೊತ್ತಿನಲ್ಲಿ ಆಡಿಯೊ ಹುಚ್ಚಿನವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಟ್ಯೂಬ್ ಬದಲಿಸಿದೆ. ನನ್ನದರಲ್ಲಿರುವುದು 12ಎಯು7, ಯುರೋಪಿನ ಹೆಸರಿನಲ್ಲಿ ಇಸಿಸಿ82. ಒಂದಾದ ಮೇಲೊಂದು ಮೂರು ಜೋಡಿ ಹಾಕಿ ನೋಡಿದೆ. ಪ್ರತಿ ಸಲವೂ ಮೊದಲ ಅರ್ಧ ಗಂಟೆ ‘ಈಗ ಬಂತು’ ಎನಿಸುತ್ತಿತ್ತು, ಊಟ ಮುಗಿಸಿ ಬಂದು ಕೇಳಿದರೆ ಮತ್ತೆ ಅದೇ ಬಡಕಲು ಧ್ವನಿ. ಕೊನೆಗೆ ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯ ಸ್ನೇಹಿತರೊಬ್ಬರಲ್ಲಿ ಗೋಳು ಹೇಳಿಕೊಂಡೆ. ಅವರು ಟ್ಯೂಬಿನ ಸುದ್ದಿಯನ್ನೇ ಎತ್ತಲಿಲ್ಲ. “ಹೊಸ ಆಂಪ್‌ನ ಇನ್‌ಪುಟ್ ಇಂಪೆಡೆನ್ಸ್ ಎಷ್ಟು? ಪ್ರೀಆಂಪ್‌ನ ಔಟ್‌ಪುಟ್‌ನಲ್ಲಿರುವ ಕೆಪಾಸಿಟರ್ ಎಷ್ಟು? ಎರಡನ್ನೂ ಬರೆದುಕೊಂಡು ಬನ್ನಿ” ಎಂದರು. (ಇಂಪೆಡೆನ್ಸ್ ಎಂದರೆ ಸಿಗ್ನಲ್‌ಗೆ ಯಂತ್ರ ಒಡ್ಡುವ ತಡೆ, ಓಮ್‌ಗಳಲ್ಲಿ ಅಳೆಯುವಂಥದ್ದು.)

ಮೊದಲನೆಯದು ಕೈಪಿಡಿಯಲ್ಲೇ ಇತ್ತು: 10 ಕಿಲೋಓಮ್. ನನ್ನ ಹಳೆಯ ಟ್ಯೂಬ್ ಆಂಪ್‌ನದು 100 ಕಿಲೋಓಮ್. ಪ್ರೀಆಂಪ್‌ನ ಔಟ್‌ಪುಟ್ ಇಂಪೆಡೆನ್ಸ್ 600 ಓಮ್ ಎಂದು ಬರೆದಿತ್ತು. ಮುಂದಿನ ಯಂತ್ರದ ಇನ್‌ಪುಟ್ ಹಿಂದಿನದರ ಔಟ್‌ಪುಟ್‌ಗಿಂತ ಕನಿಷ್ಠ ಹತ್ತು ಪಟ್ಟು ಇರಬೇಕು ಎಂಬುದು ಎಲ್ಲರೂ ಹೇಳುವ ನಿಯಮ. ನನ್ನಲ್ಲಿ ಅದು ಹದಿನಾರು ಪಟ್ಟಿಗೂ ಹೆಚ್ಚು. ಹಾಗಾಗಿ ಕೊಳ್ಳುವ ಮೊದಲು ಲೆಕ್ಕ ಹಾಕಿದ್ದೇನೆ ಎಂಬ ಜಂಭವೂ ನನಗಿತ್ತು.

ಎಡವಿದ್ದು ಅಲ್ಲೇ. ಆ 600 ಓಮ್ ಎಂಬುದು 1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸಾವಿರ ಕಂಪನ) ಅಳೆದ ಅಂಕಿ. ಟ್ಯೂಬ್ ಪ್ರೀಆಂಪ್‌ನ ಕೊನೆಯ ಹಂತದಲ್ಲಿ ನೂರು ವೋಲ್ಟ್‌ಗೂ ಹೆಚ್ಚಿನ ಡಿಸಿ (ಒಂದೇ ದಿಕ್ಕಿನ ವಿದ್ಯುತ್) ನಿಂತಿರುತ್ತದೆ. ಅದು ಹೊರಗೆ ಹರಿಯದಂತೆ ತಡೆಯಲು ಸಾಲಿನಲ್ಲಿ ಒಂದು ಕೆಪಾಸಿಟರ್ ಕೂತಿರುತ್ತದೆ. ಮುಚ್ಚಳ ತೆಗೆದು ನೋಡಿದರೆ ನನ್ನದರಲ್ಲಿದ್ದುದು 0.47 ಮೈಕ್ರೋಫ್ಯಾರಡ್. ಸ್ವರ ಕೆಳಗಿಳಿದಷ್ಟೂ ಕೆಪಾಸಿಟರ್ ಒಡ್ಡುವ ತಡೆ ಹೆಚ್ಚು. 1 ಕಿಲೋಹರ್ಟ್ಸ್‌ನಲ್ಲಿ ಅದರ ತಡೆ ಬರೀ 340 ಓಮ್‌ನಷ್ಟು. 20 ಹರ್ಟ್ಸ್‌ಗೆ ಇಳಿದರೆ ಅದೇ ತುಂಡು ಸುಮಾರು 17 ಕಿಲೋಓಮ್! ಅಂದರೆ ಕೆಳಗಿನ ಸ್ವರಗಳ ಮಟ್ಟಿಗೆ ನನ್ನ ಪ್ರೀಆಂಪ್ 600 ಓಮ್‌ನ ಯಂತ್ರವೇ ಅಲ್ಲ. ಈ ಕೆಪಾಸಿಟರ್ ಮತ್ತು 10 ಕಿಲೋಓಮ್ ಸೇರಿ 32 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ (ಶಕ್ತಿಯ ಅರ್ಧ) ಕತ್ತರಿಸುತ್ತಿದ್ದವು. 100 ಕಿಲೋಓಮ್‌ನ ಹಳೆಯ ಆಂಪ್ ಇದ್ದಾಗ ಆ ಗಡಿ 3.4 ಹರ್ಟ್ಸ್‌ನಲ್ಲಿತ್ತು, ಯಾರ ಕಿವಿಗೂ ಸಿಗದ ಜಾಗ.

ಲೆಕ್ಕವನ್ನಷ್ಟೇ ನಂಬುವುದು ಬೇಡ ಎಂದು ಅಳೆದೂ ನೋಡಿದೆ. ಪವರ್ ಆಂಪ್ ಬದಲು ಪ್ರೀಆಂಪ್‌ನ ಔಟ್‌ಪುಟ್‌ಗೆ 10 ಕಿಲೋಓಮ್ ರೆಸಿಸ್ಟರ್ ಕಟ್ಟಿ, ಮೊಬೈಲ್‌ನಿಂದ 400 ಹರ್ಟ್ಸ್ ಸ್ವರ ಕೊಟ್ಟು, ಮಲ್ಟಿಮೀಟರ್ ಅರ್ಧ ವೋಲ್ಟ್ ತೋರಿಸುವಂತೆ ವಾಲ್ಯೂಮ್ ಇಟ್ಟೆ. (400 ಏಕೆಂದರೆ, ಅಗ್ಗದ ಮೀಟರ್‌ಗಳ ಎಸಿ ಅಳತೆಯನ್ನು 1 ಕಿಲೋಹರ್ಟ್ಸ್‌ನಲ್ಲಿ ನಂಬುವಂತಿಲ್ಲ.) ಸ್ವರವನ್ನು 40ಕ್ಕೆ ಇಳಿಸಿದ ಕೂಡಲೇ ಮೀಟರ್ 0.39ಕ್ಕೆ ಬಿತ್ತು. 2 ಡೆಸಿಬೆಲ್ ನಷ್ಟ. ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ನುಡಿಯುವುದು 41 ಹರ್ಟ್ಸ್‌ನಲ್ಲಿ. ರೆಸಿಸ್ಟರ್ ತೆಗೆದು 100 ಕಿಲೋಓಮ್‌ನದು ಹಾಕಿ, 400ರಲ್ಲಿ ಮತ್ತೆ ಅರ್ಧ ವೋಲ್ಟ್‌ಗೆ ಹೊಂದಿಸಿ 40ಕ್ಕೆ ಇಳಿಸಿದರೆ ಮುಳ್ಳು ಕದಲಲಿಲ್ಲ ಎಂದೇ ಹೇಳಬೇಕು. ಮೂರು ಜೋಡಿ ಟ್ಯೂಬ್ ಹೇಳದ ಸಂಗತಿಯನ್ನು ಎರಡು ರೆಸಿಸ್ಟರ್‌ಗಳು ಹತ್ತು ನಿಮಿಷದಲ್ಲಿ ಹೇಳಿದವು.

ಪರಿಹಾರ ಸುಲಭ ಎನಿಸಿತು: ಕೆಪಾಸಿಟರ್ ಅನ್ನು ಹತ್ತು ಪಟ್ಟು ದೊಡ್ಡದು ಮಾಡಿದರಾಯಿತು. 4.7 ಮೈಕ್ರೋಫ್ಯಾರಡ್, 400 ವೋಲ್ಟ್‌ನ ಪಾಲಿಪ್ರೊಪಿಲೀನ್ ತುಂಡುಗಳನ್ನು ತಂದೆ. ಒಂದೊಂದೂ ಹೆಬ್ಬೆರಳಿಗಿಂತ ದಪ್ಪ. ಬೋರ್ಡ್ ಮೇಲೆ ಹಿಡಿಸದೆ ಪೆಟ್ಟಿಗೆಯ ಗೋಡೆಗೆ ಪಟ್ಟಿ ಹಾಕಿ ಬಿಗಿಯಬೇಕಾಯಿತು. ಈ ಕೆಲಸಕ್ಕೆ ಕೈ ಹಾಕುವವರು ಒಂದು ಮಾತು ನೆನಪಿಡಬೇಕು: ಪ್ಲಗ್ ಕಿತ್ತ ಮೇಲೂ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲಷ್ಟೇ ನಾನು ಬೆರಳಿಟ್ಟೆ.

ಬಾಸ್ ಬಂತು. ಎರಡು ದಿನ ನಾನು ರಾಜನಂತಿದ್ದೆ. ಮೂರನೆಯ ಸಂಜೆ ವಿದ್ಯುತ್ ಹೋಗಿ ಬಂತು. ಪವರ್ ಆಂಪ್ ಎರಡೇ ಸೆಕೆಂಡಿನಲ್ಲಿ ಎಚ್ಚೆತ್ತಿತು. ಟ್ಯೂಬ್‌ಗಳು ಬಿಸಿಯಾಗಲು ಅರ್ಧ ನಿಮಿಷ ಬೇಕು. ಅವು ಬಿಸಿಯಾಗುತ್ತ ಒಳಗಿನ ಡಿಸಿ ಮಟ್ಟ ಸರಿಯತೊಡಗಿದಂತೆ ಆ ದೊಡ್ಡ ಕೆಪಾಸಿಟರ್ ಅದನ್ನು ಮೊದಲಿನ ಹತ್ತು ಪಟ್ಟು ಧಾರಾಳವಾಗಿ ಮುಂದೆ ದಾಟಿಸಿತು. ನನ್ನ ಪವರ್ ಆಂಪ್‌ನ ಒಳಗೆ ಡಿಸಿ ತಡೆಯುವ ಕೆಪಾಸಿಟರ್ ಇಲ್ಲ. ಬಂದದ್ದನ್ನು ಇಪ್ಪತ್ತು ಪಟ್ಟು ಹಿಗ್ಗಿಸಿ ಸ್ಪೀಕರ್‌ಗೆ ಕೊಟ್ಟಿತು. ವೂಫರ್‌ನ (ತಗ್ಗು ಸ್ವರ ನುಡಿಸುವ ದೊಡ್ಡ ಸ್ಪೀಕರ್) ಕೋನ್ ಸದ್ದಿಲ್ಲದೆ ನಿಧಾನವಾಗಿ ಹೊರಗೆ ಉಬ್ಬಿ ನಿಂತದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಸುಡಲಿಲ್ಲ.

ಮತ್ತೆ ಸ್ನೇಹಿತರ ಬಳಿಗೆ ಹೋದೆ. ನನ್ನ ಇನ್ನೊಂದು ದೂರನ್ನೂ ಅವರು ಕೇಳಿಸಿಕೊಂಡರು: ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು ಮನೆ ತುಂಬುತ್ತದೆ, ಜೊತೆಗೆ ಸ್ಪೀಕರ್‌ನಲ್ಲಿ ಸದಾ ಸಣ್ಣ ‘ಸ್ಸ್’ ಸದ್ದು. ಪ್ರೀಆಂಪ್ 14 ಪಟ್ಟು ಹಿಗ್ಗಿಸುತ್ತದೆ, ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ, ಪವರ್ ಆಂಪ್ ಪೂರ್ಣ ಶಕ್ತಿಗೆ ಬೇಡುವುದು ಒಂದೂವರೆ ವೋಲ್ಟ್. ಬೇಡದ ಹಿಗ್ಗಿಕೆಯೇ (ಗೇನ್) ರಾಶಿ ಬಿದ್ದಿತ್ತು. “ಹೆಚ್ಚಾಗಿರುವುದನ್ನು ಕೊಟ್ಟು ಕಡಿಮೆಯಿರುವುದನ್ನು ಕೊಳ್ಳಿ” ಎಂದು ಅವರು ಒಂದು ಚೀಟಿಯಲ್ಲಿ ಗೀಚಿ ಕೊಟ್ಟರು.

ಗೀಚಿದ್ದು ಇಷ್ಟೇ: ಪವರ್ ಆಂಪ್‌ನ ಇನ್‌ಪುಟ್‌ಗೆ ಸಾಲಿನಲ್ಲಿ ಒಂದು 22 ಕಿಲೋಓಮ್ ರೆಸಿಸ್ಟರ್. ಅದು ಆಂಪ್‌ನ ಸ್ವಂತ 10 ಕಿಲೋಓಮ್ ಜೊತೆ ಸೇರಿ ಸಿಗ್ನಲ್ ಅನ್ನು 10 ಡೆಸಿಬೆಲ್ ಇಳಿಸುತ್ತದೆ, ಅದರೊಟ್ಟಿಗೆ ಟ್ಯೂಬಿನ ‘ಸ್ಸ್’ ಕೂಡ ಇಳಿಯುತ್ತದೆ. ಪ್ರೀಆಂಪ್‌ನ ಕಣ್ಣಿಗೆ ಈಗ ಕಾಣುವುದು 10 ಅಲ್ಲ, 32 ಕಿಲೋಓಮ್. ಹಾಗಾಗಿ ದೈತ್ಯ ಕೆಪಾಸಿಟರ್ ಬೇಕಿಲ್ಲ. 1 ಮೈಕ್ರೋಫ್ಯಾರಡ್ ಸಾಕು, ಕತ್ತರಿಸುವ ಗಡಿ 5 ಹರ್ಟ್ಸ್‌ಗೆ ಇಳಿಯುತ್ತದೆ. ಕೋನ್ ಉಬ್ಬಿಸುವ ಆ ನೂಕು ಐದರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ರೆಸಿಸ್ಟರ್ ಅನ್ನು ಪ್ರೀಆಂಪ್ ಕಡೆ ಅಲ್ಲ, ಕೇಬಲ್‌ನ ಪವರ್ ಆಂಪ್ ತುದಿಯ ಪ್ಲಗ್ ಒಳಗೇ ಬೆಸೆಯಬೇಕು. ಇಲ್ಲವಾದರೆ ಉದ್ದದ ಕೇಬಲ್‌ನ ಕೆಪಾಸಿಟೆನ್ಸ್ ಜೊತೆ ಸೇರಿ ಮೇಲಿನ ಸ್ವರಗಳನ್ನು ಸವೆಸುತ್ತದೆ. ಒಂದು ಶೇಕಡಾ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳ ಕಟ್ಟಿನಿಂದ ಮೀಟರ್ ಹಿಡಿದು ಒಂದೇ ಓಮ್ ಅಳತೆ ತೋರಿಸುವ ಎರಡನ್ನು ಆರಿಸಿದೆ, ಎಡ ಬಲ ಹೆಚ್ಚುಕಡಿಮೆ ಆಗಬಾರದೆಂದು.

ವಿದ್ಯುತ್ತಿನ ಭಯ ಮಾತ್ರ ಹೋಗಿರಲಿಲ್ಲ. ಮೊದಲು ಪ್ರೀಆಂಪ್, ಒಂದು ನಿಮಿಷ ಬಿಟ್ಟು ಪವರ್ ಆಂಪ್, ಆರಿಸುವಾಗ ತಿರುಗಾಮುರುಗಾ ಎಂಬ ಕ್ರಮ ಒಳ್ಳೆಯದೇ, ಆದರೆ ವಿದ್ಯುತ್ ಯಾರ ಕ್ರಮವನ್ನೂ ಕೇಳುವುದಿಲ್ಲ. ಅದಕ್ಕಾಗಿ ಪ್ರೀಆಂಪ್‌ನೊಳಗೆ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ತಾನಾಗಿ ತೆರೆದು ಮುಚ್ಚುವ ಸ್ವಿಚ್, ಸೇರಿಸಿದೆ. ವಿದ್ಯುತ್ ಇಲ್ಲದಾಗ ಅದರ ಸಂಪರ್ಕ ಮುಚ್ಚಿಯೇ ಇದ್ದು ಔಟ್‌ಪುಟ್ ಅನ್ನು ಗ್ರೌಂಡ್‌ಗೆ ಕಟ್ಟಿಹಾಕುತ್ತದೆ. ವಿದ್ಯುತ್ ಬಂದು 45 ಸೆಕೆಂಡ್ ಕಳೆದ ಮೇಲೆ ‘ಟಕ್’ ಎಂದು ಬಿಟ್ಟುಕೊಡುತ್ತದೆ.

ಈಗ ವಾಲ್ಯೂಮ್ ಗುಂಡಿ ಹತ್ತು ಗಂಟೆಯ ಸ್ಥಾನದವರೆಗೆ ಆರಾಮವಾಗಿ ತಿರುಗುತ್ತದೆ. ಪೆಟ್ಟಿಗೆ ಮುಚ್ಚುವ ಮೊದಲು, ಯಂತ್ರದ ಜೊತೆ ಬಂದಿದ್ದ ಮೂಲ ಟ್ಯೂಬ್‌ಗಳನ್ನೇ ಮತ್ತೆ ಹಾಕಿದೆ. ಆ ಮೂರು ಜೋಡಿ ಕಪಾಟಿನಲ್ಲಿವೆ, ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ.