ವೃದ್ಧಾಪ್ಯ ವೇತನದ ಅರ್ಜಿ ತಿರಸ್ಕೃತವಾಯಿತೆ? ಮೊದಲು ಹಿಂಬರಹ ಕೇಳಿ

ರಾಜ್ಯದಲ್ಲಿ ವೃದ್ಧಾಪ್ಯ ವೇತನ 60 ತುಂಬಿದವರಿಗೆ ತಿಂಗಳಿಗೆ 800 ರೂಪಾಯಿ. 65 ದಾಟಿದರೆ 1,200. ಅರವತ್ತರ ಹೊಸ್ತಿಲಲ್ಲಿ ಅರ್ಜಿ ಹಾಕಿ ‘ವಯಸ್ಸು ಸಾಲದು’, ‘ಆದಾಯ ಹೆಚ್ಚು’ ಎಂಬ ಉತ್ತರ ಪಡೆದವರಿಗೆ ಊರೆಲ್ಲ ಕೊಡುವ ಸಲಹೆ ಒಂದೇ: ಇನ್ನೊಂದು ಅರ್ಜಿ ಹಾಕಿ. ದಾಖಲೆ ಅದೇ ಆಗಿದ್ದರೆ ಉತ್ತರವೂ ಅದೇ ಬರುತ್ತದೆ. ಹೆಸರಿನ ಅಕ್ಷರ ತಪ್ಪಿದ್ದರೆ ಮಾತ್ರ ಹೊಸ ಅರ್ಜಿ ಸಾಕು. ಉಳಿದದ್ದಕ್ಕೆ ಮೇಲ್ಮನವಿಯೇ ದಾರಿ.

ಮೊದಲು ಬೇಕಾದದ್ದು ಹಿಂಬರಹ, ಅಂದರೆ ತಿರಸ್ಕರಿಸಿದ ಕಾರಣವನ್ನು ಕಚೇರಿ ಬರೆದುಕೊಡುವ ಪತ್ರ. ಬಾಯಿಮಾತಿನ ‘ಆಗುವುದಿಲ್ಲ’ ಎಂಬುದರ ಮೇಲೆ ಮೇಲ್ಮನವಿ ನಿಲ್ಲದು. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆ ಹೇಳುತ್ತದೆ. ನಾಡಕಚೇರಿಯ ಸ್ವೀಕೃತಿಯಲ್ಲಿರುವ ಸಕಾಲ ಸಂಖ್ಯೆಯನ್ನು ತೋರಿಸಿ ಕೇಳಿ. ಆ ಚೀಟಿಯನ್ನು ಕಳೆದುಕೊಳ್ಳಬೇಡಿ.

ಕಾರಣ ವಯಸ್ಸಾಗಿದ್ದರೆ, ಗೋಜಲು ಸಾಮಾನ್ಯವಾಗಿ ಆಧಾರ್‌ನಲ್ಲಿರುತ್ತದೆ. ಅಂದಾಜಿನ ಮೇಲೆ ಜನವರಿ 1 ಎಂದು ಬರೆಸಿಕೊಂಡ ಹಿರಿಯರು ಎಷ್ಟಿಲ್ಲ! ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ, ಶಾಲೆಯ ದಾಖಲೆಗೇ ಹೆಚ್ಚು ತೂಕ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಹೇಳಿದೆ. ನಾಲ್ಕನೆಯ ಇಯತ್ತೆಗೇ ಬಿಟ್ಟಿದ್ದರೂ ಚಿಂತೆಯಿಲ್ಲ. ಓದಿದ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರಿನ ದೃಢೀಕೃತ ಪ್ರತಿ ಕೇಳಿ. ಶಾಲೆಯ ಮುಖ ನೋಡದವರು ಹಳೆಯ ಮತದಾರರ ಗುರುತಿನ ಚೀಟಿ, ಸರ್ಕಾರಿ ವೈದ್ಯರ ವಯಸ್ಸಿನ ದೃಢೀಕರಣಪತ್ರ ಲಗತ್ತಿಸಬಹುದು. ಆಧಾರ್‌ನಲ್ಲಿ ಜನ್ಮದಿನಾಂಕದ ತಿದ್ದುಪಡಿಗೆ ಸಾಮಾನ್ಯವಾಗಿ ಒಂದೇ ಅವಕಾಶ. ಆದ್ದರಿಂದ ದಾಖಲೆ ಕೈಗೆ ಬರುವ ಮೊದಲು ಅದನ್ನು ಮುಟ್ಟಬೇಡಿ.

ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ಆದಾಯ ಪ್ರಮಾಣಪತ್ರ 5 ವರ್ಷ ಊರ್ಜಿತದಲ್ಲಿರುತ್ತದೆ, ತೊಡಕು ಅಲ್ಲೇ. ಬೋಟಿಗೆ ಹೋಗುತ್ತಿದ್ದ ಕಾಲದಲ್ಲಿ ಪಡೆದ ಪತ್ರ, ಮೊಣಕಾಲು ಕೈಕೊಟ್ಟು ಮನೆ ಸೇರಿದ ಮೇಲೂ ಹಳೆಯ ದುಡಿಮೆಯನ್ನೇ ಹೇಳುತ್ತಿರುತ್ತದೆ. ಗ್ರಾಮ ಆಡಳಿತಾಧಿಕಾರಿಗೆ ಈಗಿನ ಸ್ಥಿತಿ ತಿಳಿಸಿ ಹೊಸ ಪತ್ರ ಮಾಡಿಸಿ, ಮೇಲ್ಮನವಿಗೆ ಸೇರಿಸಿ.

ತಿರಸ್ಕರಿಸಿದ ದಿನದಿಂದ 30 ದಿನಗಳೊಳಗೆ ಮೇಲ್ಮನವಿ ಉಪವಿಭಾಗಾಧಿಕಾರಿಗೆ ಹೋಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಲ್ಲೇ ಜನ ದಾರಿ ತಪ್ಪುವುದು: ಜಿಲ್ಲಾಧಿಕಾರಿ ಕಚೇರಿಗೆಂದು ನೇರವಾಗಿ ಕಾರವಾರದ ಬಸ್ ಹತ್ತುತ್ತಾರೆ. ಹೊನ್ನಾವರದವರು ಹೋಗಬೇಕಾದದ್ದು ಭಟ್ಕಳಕ್ಕೆ, ಅಂಕೋಲೆಯವರು ಕುಮಟೆಗೆ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡದವರು ಶಿರಸಿಗೆ. ಜಿಲ್ಲಾಧಿಕಾರಿಯವರ ಸರದಿ ಆಮೇಲಿನದು, ಎರಡನೆಯ ಮೇಲ್ಮನವಿಗೆ.

ಬರವಣಿಗೆ ಒಂದೇ ಪುಟದಲ್ಲಿರಲಿ: ಸಕಾಲ ಸಂಖ್ಯೆ, ಹಿಂಬರಹದ ದಿನಾಂಕ, ಅದರಲ್ಲಿರುವ ಕಾರಣ, ಅದು ಹೇಗೆ ತಪ್ಪು, ಯಾವ ದಾಖಲೆ ಸೇರಿಸಿದ್ದೀರಿ. ಬಡತನದ ವರ್ಣನೆ ಬೇಡ; ಅಧಿಕಾರಿ ನೋಡುವುದು ದಾಖಲೆಯನ್ನು. ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಬರೆಯಲು ಕೈಲಾಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ನೆರವು ಉಚಿತ.